ಸ್ಟೆಂಟಿಗೆ ಕಾರ್ಡ್ ಇದೆ, ಮಾತ್ರೆಗೆ?

ಬಂಡಳ್ಳಿಯ ರೈತರೊಬ್ಬರಿಗೆ ಎದೆನೋವು ಬಂತು, ಕೊಳ್ಳೇಗಾಲದಿಂದ ಮೈಸೂರಿನ ಜಯದೇವ ಆಸ್ಪತ್ರೆಗೆ ಕಳುಹಿಸಿದರು, ಅಲ್ಲಿ ಸ್ಟೆಂಟ್ ಹಾಕಿದರು ಎಂದಿಟ್ಟುಕೊಳ್ಳಿ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ತಾಪತ್ರಯ ಶುರುವಾಗುವುದು ಮನೆಗೆ ಬಂದ ಮೇಲೆ. ಬದುಕಿರುವಷ್ಟು ಕಾಲ ನುಂಗಬೇಕಾದ ಕೊಲೆಸ್ಟ್ರಾಲ್ ಮಾತ್ರೆಗೆ ಆ ಕಾರ್ಡ್ ನಡೆಯುವುದಿಲ್ಲ. ಖಾಸಗಿ ಪಾಲಿಸಿಗಳೂ ಬಹುಪಾಲು ಹೀಗೆಯೇ. ಮತ್ತೊಮ್ಮೆ ಹೃದಯಾಘಾತವಾಗದಂತೆ ಕಾಯುವ ಔಷಧಿಯೇ ವಿಮೆಯ ಹೊರಗೆ ಉಳಿದಿರುವುದು ಅನ್ಯಾಯ. ಹಾಗೆಂದು ಕೈಚೆಲ್ಲಬೇಕಿಲ್ಲ.

ಮೊದಲ ಕೆಲಸ ಡಿಸ್ಚಾರ್ಜ್ ದಿನವೇ ಆಗಬೇಕು. ಆಯುಷ್ಮಾನ್ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಔಷಧಿ ಪ್ಯಾಕೇಜಿನಲ್ಲೇ ಸೇರಿದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ ಪಡೆಯಿರಿ.

ಆಮೇಲೆ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಅಚ್ಚಾಗಿರುತ್ತದೆ. ಅಟೊರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಎಂದಿದ್ದರೆ ಅದೇ ಮಾತ್ರೆ ಜನೌಷಧಿ ಮಳಿಗೆಯಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಅಟೊರ್ವಾಸ್ಟಾಟಿನ್ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದಾಸ್ತಾನಿದೆಯೇ ಎಂದು ವಿಚಾರಿಸಿ. ಮೂಲ ಹೆಸರಿನಲ್ಲೇ ಚೀಟಿ ಬರೆದುಕೊಡಿ ಎಂದು ವೈದ್ಯರನ್ನು ಕೇಳುವುದಕ್ಕೆ ಸಂಕೋಚ ಬೇಡ. ಬಹಳಷ್ಟು ಮಂದಿಗೆ ಇಷ್ಟರಲ್ಲೇ ಕೆಲಸವಾಗುತ್ತದೆ.

ಆಗದವರೂ ಇದ್ದಾರೆ. ಹೃದಯಾಘಾತವಾದವರಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗಿರಬೇಕು ಎನ್ನುವುದು ಹೃದ್ರೋಗ ತಜ್ಞರ ಲೆಕ್ಕ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ 190 ದಾಟಿರುತ್ತದೆ. ಮಾತ್ರೆಗಳಿಂದ ಇಳಿಯದಿದ್ದಾಗ ಎವೊಲೊಕುಮ್ಯಾಬ್, ಇನ್‌ಕ್ಲಿಸಿರಾನ್‌ನಂಥ ಇಂಜೆಕ್ಷನ್ ಬರೆಯುತ್ತಾರೆ. ಇನ್‌ಕ್ಲಿಸಿರಾನ್ ಮೊದಲ ಡೋಸ್ ಆದ ಮೂರು ತಿಂಗಳಿಗೆ ಇನ್ನೊಂದು, ನಂತರ ಆರು ತಿಂಗಳಿಗೊಮ್ಮೆ. ಭಾರತದ ಮಾರುಕಟ್ಟೆಗೆ ಬಂದಾಗ ಡೋಸ್ ಒಂದಕ್ಕೆ ಲಕ್ಷ ರೂಪಾಯಿಗೂ ಮೇಲಿತ್ತು. ಈ ಎರಡೂ ಔಷಧಿಗಳ ಮೇಲಿದ್ದ ಶೇ 12ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ತೆಗೆಯಲಾಗಿದೆ. ಬಿಲ್ಲಿನಲ್ಲಿ ತೆರಿಗೆ ಕಂಡರೆ ಪ್ರಶ್ನಿಸಿ.

ಮನೆಯ ಮಗನೋ ಮಗಳೋ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೋ ನಂಜನಗೂಡಿನ ಕಾರ್ಖಾನೆಯಲ್ಲೋ ದುಡಿಯುತ್ತಿದ್ದರೆ ಇಎಸ್‌ಐ ವಿಚಾರಿಸಿ. ತಿಂಗಳ ವೇತನ 21,000 ರೂಪಾಯಿ ಒಳಗಿನವರಿಗೆ ಅನ್ವಯಿಸುವ ಈ ಯೋಜನೆ, ದಾಖಲಾಗದೆಯೂ ಹೊರರೋಗಿಯಾಗಿ ಔಷಧಿ ಕೊಡುತ್ತದೆ. ಅವಲಂಬಿತ ತಂದೆತಾಯಿಯ ಹೆಸರನ್ನೂ ಸೇರಿಸಬಹುದು. ಎಷ್ಟೋ ಮನೆಗಳಲ್ಲಿ ಸಂಬಳದಿಂದ ಹಣ ಮುರಿದುಕೊಳ್ಳುತ್ತಿರುತ್ತಾರೆ, ಅಪ್ಪ-ಅಮ್ಮನ ಹೆಸರು ಮಾತ್ರ ಕಾರ್ಡಿನಲ್ಲಿ ಇರುವುದಿಲ್ಲ.

ಖಾಸಗಿ ಪಾಲಿಸಿ ಇದ್ದರೆ ಎರಡು ಸಾಲು ಹುಡುಕಿ: ಹೊರರೋಗಿ ವೆಚ್ಚಕ್ಕೆ ಮಿತಿ ಎಷ್ಟು, ಬಿಡುಗಡೆಯ ನಂತರ ಎಷ್ಟು ದಿನದ ಔಷಧಿಗೆ ಹಣ. ಎರಡನೆಯದು ಸಾಮಾನ್ಯವಾಗಿ 60 ದಿನ ಅಥವಾ ಹೆಚ್ಚು. ಚೀಟಿ, ಬಿಲ್, ಡಿಸ್ಚಾರ್ಜ್ ಸಾರಾಂಶ ಮೂರೂ ಜೋಪಾನ. ಇಂಜೆಕ್ಷನ್ ಆದರೆ ಹಾಕಿಸಿಕೊಳ್ಳುವ ಮೊದಲೇ ಕಂಪನಿಗೆ ಲಿಖಿತವಾಗಿ ಕೇಳಿ. ಯಾವ ಮಾತ್ರೆ ಎಷ್ಟು ಕಾಲ ಕೊಟ್ಟರು, ಎಲ್‌ಡಿಎಲ್ ಎಷ್ಟಕ್ಕೆ ನಿಂತಿತು, ಕುಟುಂಬದಲ್ಲಿ ಯಾರಿಗೆ ಹೃದ್ರೋಗವಿತ್ತು ಎಂಬ ವಿವರಗಳಿರುವ ವೈದ್ಯರ ಪತ್ರ ಜೊತೆಗಿರಲಿ. ಹೊಸ ಪಾಲಿಸಿ ಕೊಳ್ಳುವವರು ಕೊಲೆಸ್ಟ್ರಾಲ್ ಇರುವುದನ್ನು ಮುಚ್ಚಿಡಬಾರದು. ಹಳೆಯ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಗರಿಷ್ಠ ಮೂರು ವರ್ಷ. ಮುಚ್ಚಿಟ್ಟರೆ ಸ್ಟೆಂಟಿನ ಕ್ಲೇಮಿಗೂ ಕುತ್ತು.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ಪ್ರಾಧಿಕಾರದ ಸಹಾಯವಾಣಿ 155255. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.