ಹೊಸ ಎಂಜಿನನ್ನು ಪಳಗಿಸುವ ಎಣ್ಣೆ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಕಾಕನಕೋಟೆಯ ಕಾಡು ಸಿಕ್ಕುತ್ತದೆ. ಕಬಿನಿ ಹೊಳೆಯ ಬದಿಯ ಈ ಕಾಡು ಒಂದು ಕಾಲಕ್ಕೆ ಖೆಡ್ಡಾಗಳಿಗೆ ಹೆಸರಾಗಿತ್ತು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಆನೆ ಖೆಡ್ಡಾದೊಳಗೆ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಅದನ್ನು ಪಳಗಿಸುವುದು ನಿಜವಾದ ಕೆಲಸ. ಅತಿಯಾಗಿ ಬಿಗಿದರೆ ಗಾಯ, ಸಡಿಲ ಬಿಟ್ಟರೆ ಪಳಗದು. ಹೊಸದಾಗಿ ಜೋಡಿಸಿದ ಎಂಜಿನಿಗೂ ಇಂಥ ಒಂದು ಪಳಗುವ ಕಾಲವುಂಟು. ಆ ಕಾಲದಲ್ಲಿ ಅದಕ್ಕೆ ಎಂಥ ಎಣ್ಣೆಯನ್ನು ಹಾಕಬೇಕು? ಮೇಲುನೋಟಕ್ಕೆ ಉತ್ತರ ಸುಲಭ: ಅತ್ಯಂತ ಜಾರುವ, ಅತ್ಯಂತ ಬೆಲೆಬಾಳುವ ಎಣ್ಣೆ. ಆದರೆ ಈ ಉತ್ತರ ಅನೇಕ ವೇಳೆ ತಪ್ಪು.

ಇದೇ ರಸ್ತೆ ಹೊರಡುವ ಮೈಸೂರಿನಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಅಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಂಪೆನಿಯು 1961ರಿಂದ ಜಾವಾ ಮೋಟಾರು ಸೈಕಲ್ಲುಗಳನ್ನೂ, 1973ರಿಂದ ಯೆಜ್ಡಿ ಹೆಸರಿನವನ್ನೂ ತಯಾರಿಸಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಬಂದುವಾದರೂ ಈ ಹೊಸ ಗಾಡಿಗಳ ಎಂಜಿನು ಬೇರೆ ಜಾತಿಯದು. ಆದುದರಿಂದ ಅಜ್ಜನ ಕಾಲದ ಯೆಜ್ಡಿಯನ್ನು ಬಿಚ್ಚಿ ಕಟ್ಟಿಸುವವರಿಗೆ ಅದರ ಸಿಲಿಂಡರೇ ಮೂಲಧನ. ಸವೆದ ಸಿಲಿಂಡರನ್ನು ಬೋರಿಂಗ್ ಮಾಡಿಸಿದಾಗಲೆಲ್ಲ ಅದರ ಒಳವ್ಯಾಸ ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನು ಬೇಕು. ಇಂಥ ಅಳತೆಗಳು ಕೆಲವೇ ಕೆಲವು. ಒಂದು ಗಂಟೆಯ ಅಜಾಗರೂಕತೆಯಿಂದ ಈ ಮೂಲಧನದ ಒಂದು ಪಾಲು ಕರಗಿಹೋಗಬಹುದು.

ಬೋರಿಂಗ್ ಆದ ಸಿಲಿಂಡರಿನ ಒಳಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಸಾಣೆಕಲ್ಲಿನಿಂದ ಉಜ್ಜಿ, ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಮೂಡಿಸುತ್ತಾರೆ. ಇದಕ್ಕೆ ಹೋನಿಂಗ್ ಎಂದು ಹೆಸರು. ಗೀರಿನ ತಗ್ಗುಗಳು ಎಣ್ಣೆಯನ್ನು ಹಿಡಿದಿಡುವುವು. ಉಬ್ಬುಗಳಾದರೋ ಪಿಸ್ಟನ್ನಿನ ಬಳೆಗಳೊಡನೆ, ಎಂದರೆ ರಿಂಗುಗಳೊಡನೆ, ಉಜ್ಜಿ ಸವೆಯುವುವು. ಇಂಧನ ಉರಿದಾಗ ಹುಟ್ಟುವ ಅನಿಲ ರಿಂಗಿನ ಹಿಂದಿನ ಕಾಲುವೆಯನ್ನು ಹೊಕ್ಕು ಅದನ್ನು ಗೋಡೆಗೆ ಒತ್ತುತ್ತದೆ. ಹೀಗೆ ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಂಡಾಗ ಅನಿಲ ಸೋರುವುದು ನಿಂತು ಎಂಜಿನಿಗೆ ಪೂರ್ಣ ಶಕ್ತಿ ಬರುತ್ತದೆ.

ಪಿಸ್ಟನ್ನು ಹಾದಿಯ ನಡುವೆ ವೇಗವಾಗಿ ಓಡುವಾಗ ಎಣ್ಣೆಯ ಪೊರೆ ಲೋಹಗಳನ್ನು ಬೇರ್ಪಡಿಸುತ್ತದೆ. ಹಾದಿಯ ಎರಡು ತುದಿಗಳಲ್ಲಿ ಅದು ಕ್ಷಣಕಾಲ ನಿಲ್ಲುವುದರಿಂದ ಪೊರೆ ತೆಳುವಾಗಿ ಲೋಹ ಲೋಹವನ್ನು ಮುಟ್ಟುತ್ತದೆ. ಎಣ್ಣೆಯಲ್ಲಿ ಘರ್ಷಣೆಯನ್ನು ತಗ್ಗಿಸುವ ವಿಶೇಷ ದ್ರವ್ಯಗಳು ಹೆಚ್ಚಾಗಿದ್ದರೆ ಉಬ್ಬುಗಳು ಸವೆಯುವ ಮೊದಲೇ ಜಾರಿಹೋಗುವುವು. ಅಷ್ಟರಲ್ಲಿ ಗೋಡೆಯ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಲೇಪ ಕಟ್ಟಿದರೆ ರಿಂಗು ಮತ್ತೆ ಹೊಂದಿಕೊಳ್ಳುವುದು ಕಷ್ಟ. ಎಣ್ಣೆ ತೀರ ಕಳಪೆಯಾದರೆ ಲೋಹ ಕಚ್ಚಿಕೊಂಡು ಪಿಸ್ಟನ್ನು ‘ಸೀಜ್’ ಆಗುವುದು. ಆದುದರಿಂದ ಪಳಗಿಸುವ ಎಣ್ಣೆಯ ಕೆಲಸ ಸವೆತವನ್ನು ಪೂರ್ತಿ ತಡೆಯುವುದಲ್ಲ. ಸವೆಯಬೇಕಾದುದನ್ನು ಮಾತ್ರ ಸವೆಯಗೊಡುವುದು.

ಸಂಪಿನಲ್ಲಿ ಎಣ್ಣೆಯನ್ನಿಡುವ ನಾಲ್ಕು ಹೊಡೆತದ ಎಂಜಿನಿಗೆ, ಕೈಪಿಡಿ ಹೇಳಿದ ಸ್ನಿಗ್ಧತೆಯ ಸಾದಾ ಖನಿಜ ಎಣ್ಣೆ ಈ ಕಾಲಕ್ಕೆ ಒಪ್ಪುತ್ತದೆ. ಡಬ್ಬಿಯ ಮೇಲಿನ 20ಡಬ್ಲ್ಯು-50 ಎಂಬ ಗುರುತಿನಲ್ಲಿ ಮೊದಲ ಅಂಕಿ ಚಳಿಯಲ್ಲಿನ ವರ್ತನೆಯನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ದಪ್ಪದ ವರ್ಗವನ್ನೂ ಸೂಚಿಸುವುವು. ಅವು ಗುಣದ ಅಂಕಗಳಲ್ಲ. ವೇಗಕ್ಕಾಗಿ ಸಜ್ಜುಗೊಳಿಸಿದ ಎಂಜಿನುಗಳಲ್ಲಿ ಕವಾಟದ ಸ್ಪ್ರಿಂಗುಗಳು ಬಿರುಸಾಗಿರುತ್ತವೆ. ಉರುಳೆಯಿಲ್ಲದ ಚಪ್ಪಟೆ ಟ್ಯಾಪೆಟ್ಟುಗಳಿದ್ದರೆ, ಅವುಗಳ ಮೇಲೆ ಉಜ್ಜುವ ಕ್ಯಾಮನ್ನು ಕಾಯಲು ಎಣ್ಣೆಯಲ್ಲಿ ಸತು-ರಂಜಕದ ಸಂಯುಕ್ತ ಸಾಕಷ್ಟಿರಬೇಕು. ಮೋಟಾರು ಸೈಕಲ್ಲಿನ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುವುದಾದರೆ, ಘರ್ಷಣೆ ತಗ್ಗಿಸುವ ದ್ರವ್ಯ ಅದನ್ನೂ ಜಾರಿಸೀತು. ಸಂಶ್ಲೇಷಿತ ಎಣ್ಣೆ ಎಂದಿಗೂ ಸಲ್ಲದೆಂದಲ್ಲ. ಬಹು ನಯವಾಗಿ ಹೋನಿಂಗ್ ಮಾಡಿದ ಕೆಲವು ಹೊಸ ಎಂಜಿನುಗಳು ಕಾರ್ಖಾನೆಯಿಂದಲೇ ಅದನ್ನು ತುಂಬಿಕೊಂಡು ಬರುತ್ತವೆ. ಅಲ್ಲಿ ತಯಾರಕರ ಮಾತೇ ಪ್ರಮಾಣ.

ಹಳೆಯ ಜಾವಾ, ಯೆಜ್ಡಿಗಳದು ಎರಡು ಹೊಡೆತದ ಎಂಜಿನು. ಅಲ್ಲಿ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಒಳಹೊಕ್ಕು, ಕೆಲಸ ಮುಗಿಸಿ ಸುಟ್ಟುಹೋಗುತ್ತದೆ. ಗಿಯರುಪೆಟ್ಟಿಗೆಗೆ ಬೇರೆಯೇ ಎಣ್ಣೆ. ಬೆರಕೆಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. 5 ಲೀಟರು ಪೆಟ್ರೋಲಿಗೆ 20ಕ್ಕೆ 1ರಂತೆ 250 ಮಿಲಿಲೀಟರು, 25ಕ್ಕೆ 1ರಂತೆ 200 ಮಿಲಿಲೀಟರು ಎಣ್ಣೆ ಬೇಕು. ಪಳಗಿಸುವಾಗ ಕೈಪಿಡಿ ಸ್ವಲ್ಪ ಹೆಚ್ಚು ಹೇಳಿದ್ದರೆ ಅಷ್ಟೇ ಹೆಚ್ಚಿಸಬೇಕು. ‘ಇನ್ನಷ್ಟು ಇರಲಿ’ ಎಂದು ಸುರಿಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕಾರ್ಬುರೇಟರಿನ ಜೆಟ್ಟಿನ ಕಿಂಡಿ ಹಿಗ್ಗುವುದಿಲ್ಲ. ಹಾದುಹೋಗುವ ಬೆರಕೆಯಲ್ಲಿ ಎಣ್ಣೆ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕುಗ್ಗುವುದು. ಗಾಳಿಯ ಪಾಲು ಮಿಗಿಲಾಗಿ ಎಂಜಿನು ಹೆಚ್ಚು ಕಾಯುವುದು. ಕಾಪಾಡಲೆಂದು ಹಾಕಿದ ಎಣ್ಣೆಯೇ ಅಪಾಯಕ್ಕೆ ದಾರಿಯಾಗಬಹುದು.

ಎಣ್ಣೆ ಸರಿಯಾದರೂ ಓಡಿಸುವ ರೀತಿ ತಪ್ಪಿದರೆ ಫಲವಿಲ್ಲ. ಗಾಡಿಯನ್ನು ನಿಲ್ಲಿಸಿಕೊಂಡು ಗಂಟೆಗಟ್ಟಲೆ ಸುಮ್ಮನೆ ಎಂಜಿನು ತಿರುಗಿಸಿದರೆ ಅನಿಲದ ಒತ್ತಡ ಸಾಲದೆ ರಿಂಗು ಹೊಂದದು. ಮೊದಲ ದಿನವೇ ಥ್ರಾಟಲನ್ನು ಪೂರ್ತಿ ತಿರುಗಿಸಿದರೆ ಪಿಸ್ಟನ್ನು ಕಾದು ಹಿಗ್ಗಿ ಕಚ್ಚೀತು. ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಸುಮಾರು 50 ಕಿಲೋಮೀಟರು. ಅಂಥ ಹಾದಿಯಲ್ಲಿ ವೇಗವನ್ನು ಏರಿಸುತ್ತ ಇಳಿಸುತ್ತ, ನಡುನಡುವೆ ಆರಲು ಬಿಡುತ್ತ ಹೋಗುವುದು ಒಳ್ಳೆಯ ಅಭ್ಯಾಸ. ಏರಿನಲ್ಲಿ ಮೇಲಿನ ಗಿಯರಿನಲ್ಲೇ ಎಂಜಿನನ್ನು ಏದುಸಿರು ಬಿಡಿಸಬಾರದು. ನಾಲ್ಕು ಹೊಡೆತದ ಎಂಜಿನಾದರೆ ಮೊದಲ ಕಿರು ಓಟದ ಬಳಿಕ ಎಣ್ಣೆಯನ್ನು ಬಸಿದುಬಿಡಬೇಕು. ಅದರಲ್ಲಿ ಮಿನುಗುವ ಸಣ್ಣ ಲೋಹದ ಪುಡಿಯನ್ನು ಬೆಳಕಿಗೆ ಹಿಡಿದು ನೋಡಿರಿ: ಉಬ್ಬುಗಳು ಸವೆದುದಕ್ಕೆ ಅದೇ ಸಾಕ್ಷಿ. ಅದನ್ನು ಒಳಗೇ ಬಿಟ್ಟರೆ ಅದೇ ಸಾಣೆಯ ಪುಡಿಯಾಗಿ ಬೇರಿಂಗುಗಳನ್ನು ತಿನ್ನುವುದು.

ಬೆಲೆಬಾಳುವ ಎಣ್ಣೆ ಎಂಜಿನಿಗೆ ದೀರ್ಘಾಯುಸ್ಸನ್ನು ಕೊಡಬಲ್ಲುದು ನಿಜ. ಆದರೆ ಅದರ ಸರದಿ ಎಂಜಿನು ಪಳಗಿದ ಮೇಲೆ.