ನೆರಳು ತೋಟಗಳಲ್ಲಿ ಒಂದೆಲಗದ ಹಾಸು

ಕಡೂರು ತಾಲ್ಲೂಕು ಸಖರಾಯಪಟ್ಟಣ ಹೋಬಳಿಯಲ್ಲಿ, ಅಯ್ಯನಕೆರೆಯ ನೀರುಣ್ಣುವ ಅಡಕೆ ತೆಂಗಿನ ತೋಟಗಳೊಳಗೆ ಒಳ್ಳೆಯ ಮಳೆ ಬಿದ್ದ ದಿನ ಹೋಗಿ ಬಸಿಗಾಲುವೆಯ ಬಾಯಲ್ಲಿ ನಿಂತವರಿಗೆ ಒಂದು ವ್ಯತ್ಯಾಸವು ತಾನಾಗಿಯೇ ಕಣ್ಣಿಗೆ ಬೀಳುವುದು. ಅಂಗಳದಂತೆ ಕೆರೆದು ಚೊಕ್ಕಟವಾಗಿಟ್ಟ ತೋಟದಿಂದ ಹೊರಡುವ ನೀರು ಕೆಸರಾಗಿರುತ್ತದೆ. ನೆಲದ ಮೇಲೆ ಹಸುರು ಹೊದಿಕೆಯಿರುವ ತೋಟದ ನೀರು ತಿಳಿಯಾಗಿರುತ್ತದೆ. ಕಳೆಯ ಒಂದು ಎಸಳೂ ಕಾಣದಂತೆ ಗುದ್ದಲಿಯಿಂದ ಕೆರೆಯಿಸುವುದು ಒಳ್ಳೆಯ ಒಕ್ಕಲುತನದ ಗುರುತೆಂದು ಹಿರಿಯರು ಎಣಿಸಿಕೊಂಡು ಬಂದರು. ಈಚಿನ ವರ್ಷಗಳಲ್ಲಿ ಕೂಲಿಯಾಳುಗಳ ಅಭಾವದಿಂದ ಗುದ್ದಲಿಗೆ ಬದಲು ಕಳೆನಾಶಕದ ಸಿಂಪರಣೆಯು ಅನೇಕ ತೋಟಗಳಲ್ಲಿ ಬಂದಿದೆ. ಎರಡರಿಂದಲೂ ನೆಲವು ಬತ್ತಲೆಯಾಗುವುದೊಂದೇ ಫಲ.

ಬತ್ತಲೆ ನೆಲದಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಎಕರೆ ತೋಟದಿಂದ ಒಂದಂಗುಲ ಮೇಲ್ಮಣ್ಣು ಹೋಯಿತೆಂದರೆ ೩೬೩೦ ಘನ ಅಡಿ ಮಣ್ಣು ಹೋಯಿತೆಂದು ಅರ್ಥ. ನೂರು ಘನ ಅಡಿ ಹಿಡಿಯುವ ಟ್ರಾಕ್ಟರ್ ಗಾಡಿಯಲ್ಲಿ ಅಷ್ಟು ಕೆರೆಗೋಡನ್ನು ತಂದು ಹಾಕಿಸಬೇಕಾದರೆ ಮೂವತ್ತಾರು ಗಾಡಿಗಳಾಗುವುವು. ಅಗೆತ, ಸಾಗಣೆ, ಹರವುವ ಕೂಲಿಗಳನ್ನು ಯಜಮಾನರು ತಾವೇ ಕೂಡಿಸಿಕೊಳ್ಳಬಹುದು. ಅಡಕೆಗೆ ತಾಯಿಬೇರಿಲ್ಲ. ಅದರ ಬೇರುಗಳ ಬಹುಭಾಗವು ಬುಡದ ಸುತ್ತಲೇ, ಮೇಲಿನ ಎರಡಡಿ ಮಣ್ಣಿನೊಳಗೇ ಇರುತ್ತದೆ. ಮೇಲ್ಮಣ್ಣು ತೊಳೆದು ಹೋದಂತೆಲ್ಲ ಬುಡವು ಎತ್ತರವಾಗಿ ಬೇರುಗಳು ಬಯಲಿಗೆ ಬರುವುವು. ಬೇಸಗೆಯ ಕಾವು ಮೊದಲು ಅವುಗಳನ್ನೇ ತಾಕುವುದು. ಹಳೆಯ ತೋಟಗಳಲ್ಲಿ ಬುಡಗಳು ಬುಟ್ಟಿ ಬೋರಲು ಹಾಕಿದಂತೆ ಎದ್ದು ನಿಂತಿರುವುದಕ್ಕೆ ಮರದ ವಯಸ್ಸೊಂದೇ ಕಾರಣವಲ್ಲ.

ಹಾಗೆಂದು ಕಳೆಯನ್ನು ಮೊಣಕಾಲೆತ್ತರ ಬೆಳೆಯಗೊಡುವುದೂ ಸಲ್ಲದು. ಬೇಕಾದುದು ಮರದ ಅನ್ನವನ್ನು ಅತಿಯಾಗಿ ಕಸಿಯದೆ, ನೆಲಕ್ಕೆ ಅಂಟಿ ಹಬ್ಬಿ, ನೆರಳನ್ನು ಸಹಿಸುವ ಗಿಡ. ನೆರಳಿನ ನೆಲದಲ್ಲಿ ತಾನಾಗಿ ಹಬ್ಬುವ ಹಸುರು ಪಾಚಿಯೇ ಸಾಕಲ್ಲವೇ ಎಂದು ಕೆಲವರು ಕೇಳುವುದುಂಟು. ಮೆತ್ತಗೆ ನುಣುಪಾಗಿ ಕಂಡರೂ ತೋಟದ ನೆಲದಲ್ಲಿ ಪಾಚಿ ದಟ್ಟವಾಗಿ ಕಟ್ಟಿದರೆ ಅಲ್ಲಿ ಮಣ್ಣು ಗಟ್ಟಿಯಾಗಿ ನೀರು ಇಂಗದೆ ನಿಲ್ಲುತ್ತಿದೆಯೆಂದು ತಿಳಿಯಬೇಕು. ಅಂಥ ಕಡೆ ಮೊದಲು ಬಸಿಗಾಲುವೆಯ ಹೂಳನ್ನು ತೆಗೆಯಿಸತಕ್ಕದ್ದು. ಹೊದಿಕೆಯ ಮಾತು ಆಮೇಲೆ.

ಎಳೆಯ ತೋಟಗಳಿಗೆ ದ್ವಿದಳ ಜಾತಿಯ ಬಳ್ಳಿಗಳೇ ಮೇಲು. ಪ್ಯುರೇರಿಯಾ, ಕ್ಯಾಲಪೊಗೋನಿಯಂ, ಸ್ಟೈಲೊಸಾಂಥಸ್ ಮುಂತಾದುವನ್ನು ಮೊದಲ ಮಳೆಗೆ ಬಿತ್ತಿ, ಮಳೆಗಾಲದ ಕೊನೆಯಲ್ಲಿ ಕೊಯ್ದು ಬುಡಕ್ಕೆ ಹಾಕುವ ಪದ್ಧತಿಯು ಅಡಕೆಗೆ ಬಹುಕಾಲದಿಂದ ಶಿಫಾರಸಾಗಿದೆ. ಅವು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುವು. ಆದರೆ ಸೋಗೆ ಸೋಗೆ ಕೂಡಿಕೊಂಡ ಹಳೆಯ ತೋಟದ ನೆರಳಿನಲ್ಲಿ ಅವು ಸೊರಗುವುವು, ಬೆಳಕು ಬಿದ್ದಲ್ಲಿ ಕೆಲವು ಮರವನ್ನೇ ಹತ್ತುವುವು. ಹಳೆಯ ತೋಟಗಳಿಗೆ ನಮ್ಮ ನೆಲದ ಒಂದೆಲಗವು ತಕ್ಕದ್ದಾಗಿ ಕಾಣುತ್ತದೆ.

ತುಳು ಸೀಮೆಯಲ್ಲಿ ತಿಮರೆಯೆಂದೂ ಮಲೆನಾಡಿನ ಕೆಲವು ಕಡೆ ಉರಗೆಯೆಂದೂ ಸಂಸ್ಕೃತದಲ್ಲಿ ಮಂಡೂಕಪರ್ಣಿಯೆಂದೂ ಕರೆಯಿಸಿಕೊಳ್ಳುವ ಈ ಗಿಡವು ಗದ್ದೆಯ ಬದು, ಕಾಲುವೆಯ ಅಂಚುಗಳಲ್ಲಿ ಯಾರೂ ನೆಡದೆಯೇ ಬೆಳೆಯುವುದು. ಎಲೆಯು ದುಂಡಾಗಿ, ತೊಟ್ಟು ಸೇರುವಲ್ಲಿ ಸೀಳಿ, ಅಂಚಿನಲ್ಲಿ ಸಣ್ಣ ಕಚ್ಚುಗಳಿಂದ ಕೂಡಿರುತ್ತದೆ. ದಾರದಂಥ ಕಾಂಡವು ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರಿಳಿಸುವುದು. ಮಣ್ಣನ್ನು ಹಿಡಿಯುವ ಗುಣವು ಈ ಗೆಣ್ಣುಬೇರಿನಲ್ಲಿದೆ. ಬ್ರಾಹ್ಮಿಯೆಂಬ ಹೆಸರನ್ನು ಇದಕ್ಕೂ, ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿಗೂ ಜನರು ಹೇಳುವುದರಿಂದ ಸಸಿ ತರುವಾಗ ಮೋಸ ಹೋಗಬಾರದು. ನೀರುಬ್ರಾಹ್ಮಿಯು ಜೌಗು ನೆಲವನ್ನು ಬಯಸುವುದು; ತೋಟದ ದಿಬ್ಬದ ಮೇಲೆ ಬಾಳದು.

ನೆಡುವುದಕ್ಕೆ ಆರಿದ್ರಾ ಮಳೆಯು ಸಕಾಲ. ಮೊದಲು ಕಳೆಯನ್ನು ಬೇರುಸಹಿತ ತೆಗೆಯಿಸಬೇಕು. ಮುಖ್ಯವಾಗಿ ಗರಿಕೆ ಮತ್ತು ಜೇಕಿನ ಗೆಡ್ಡೆ ಉಳಿಯಬಾರದು. ಇದರಲ್ಲಿ ಉದಾಸೀನ ಮಾಡಿದವರ ಹಾಸು ಎರಡನೆಯ ವರ್ಷಕ್ಕೆ ಜೇಕಿನ ಪಾಲಾಗುವುದು. ಎರಡು ಮೂರು ಗೆಣ್ಣುಗಳೂ ಬೇರೂ ಇರುವ ತುಂಡುಗಳನ್ನು ಒಂದೂವರೆ ಅಡಿಗೊಂದರಂತೆ, ಎಲೆ ಮೇಲಿರುವಂತೆ ಒತ್ತಿ ನೆಡಬೇಕು. ಮರದ ಬುಡದ ಸುತ್ತ ಎರಡಡಿ ದೂರ ಬಿಟ್ಟರೆ, ಒಂಬತ್ತಡಿ ಅಂತರದ ತೋಟದಲ್ಲಿ ಗುಂಟೆಯೊಂದಕ್ಕೆ ಸುಮಾರು ನಾನೂರು ತುಂಡುಗಳು ಬೇಕಾಗುವುವು. ಇಡೀ ತೋಟಕ್ಕೆ ಒಮ್ಮೆಲೇ ಕೈಹಾಕುವುದು ಬುದ್ಧಿವಂತಿಕೆಯಲ್ಲ. ಮೊದಲ ವರ್ಷ ಇಳಿಜಾರು ಹೆಚ್ಚಾಗಿರುವ ಒಂದೆರಡು ಗುಂಟೆಯಲ್ಲಿ ಮಾತ್ರ ನೆಟ್ಟರೆ, ಮುಂದಿನ ವರ್ಷದ ಸಸಿಗಳನ್ನು ಅದೇ ಹಾಸು ಕೊಡುವುದು. ಹಬ್ಬಿ ಕೂಡುವವರೆಗೆ ಎರಡು ಮೂರು ಸಲ ಕೈಯಿಂದ ಕಳೆ ಕೀಳಿಸಬೇಕು. ಹಾಸಿರುವ ಕಡೆ ಕಳೆನಾಶಕವನ್ನು ಸೋಕಿಸಲೇಬಾರದು.

ಒಂದೆಲಗವು ದ್ವಿದಳ ಜಾತಿಯದಲ್ಲ. ಅದು ಸಾರಜನಕವನ್ನು ಕೂಡಿಡುವುದಿಲ್ಲ. ತನ್ನ ಪಾಲಿನ ಗೊಬ್ಬರವನ್ನೂ ನೀರನ್ನೂ ಮಣ್ಣಿನಿಂದಲೇ ತೆಗೆದುಕೊಳ್ಳುವುದು. ಆದುದರಿಂದ ಹಾಸು ಬಂದಿತೆಂದು ಗೊಬ್ಬರ ತಗ್ಗಿಸುವವರು ಬೆಳೆಯಲ್ಲಿ ಏಟು ತಿನ್ನುವರು. ಫಲ ಬಿಡುವ ಅಡಕೆ ಮರವೊಂದಕ್ಕೆ ವರ್ಷಕ್ಕೆ ಹಸುರೆಲೆ ೧೨ ಕಿಲೋ, ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟು ೧೨ ಕಿಲೋ, ಅದರೊಂದಿಗೆ ಸಾರಜನಕ ೧೦೦, ರಂಜಕ ೪೦, ಪೊಟ್ಯಾಷ್ ೧೪೦ ಗ್ರಾಂ ಎಂಬ ಪ್ರಮಾಣವನ್ನು ಬಿಡಬಾರದು. ಬುಡದ ಸುತ್ತ ಬಿಟ್ಟ ಎರಡಡಿ ಜಾಗವು ಈ ಗೊಬ್ಬರಕ್ಕಾಗಿಯೇ ಇರತಕ್ಕದ್ದು. ಅಲ್ಲಿ ಸೋಗೆ, ತರಗು ಹಾಸಬೇಕು. ಬಳ್ಳಿ ಒಳಗೆ ನುಗ್ಗಿದರೆ ಕಿತ್ತು ಹೊರಗೆ ನೆಟ್ಟುಬಿಡುವುದು.

ಬೇಸಗೆಯ ಪ್ರಶ್ನೆಯೇ ಕಡೂರು ಸೀಮೆಯ ತೋಟಗಾರರಿಗೆ ಹೆಚ್ಚು ಮುಖ್ಯವಾದುದು. ಬಾಬಾಬುಡನ್ ಗಿರಿಗಳ ಮೇಲೆ ಸುರಿದ ಮಳೆ ಹಳ್ಳವಾಗಿ ಅಯ್ಯನಕೆರೆಗೆ ಬರುವುದೇ ಹೊರತು, ಬೆಟ್ಟದ ಮೂಡಲಿಗೆ ಸಾಗಿದಂತೆ ಮಳೆಯೇ ಕಡಿಮೆ. ಕೆರೆಯ ನೀರು ಸಾಲದ ವರ್ಷ ಕೊಳವೆಬಾವಿಯ ಅಷ್ಟಿಷ್ಟು ನೀರನ್ನು ಮರಕ್ಕೆ ಕೊಡಬೇಕೇ ಹೊರತು ಹಾಸಿಗಲ್ಲ. ಫಾಲ್ಗುಣದ ಹೊತ್ತಿಗೆ ಹಾಸನ್ನು ಕುಡಗೋಲಿನಿಂದ ನೆಲಮಟ್ಟಕ್ಕೆ ಸವರಿಸಿ, ಸವರಿದ್ದನ್ನೂ ಸೋಗೆಯನ್ನೂ ಅಲ್ಲಿಯೇ ಮುಚ್ಚಿಬಿಡಬೇಕು. ಎಲೆ ಒಣಗಿದರೂ ಮುಚ್ಚಿಗೆಯ ಕೆಳಗೆ ತೇವ ಉಳಿದಲ್ಲಿ ಗೆಣ್ಣುಗಳು ಜೀವ ಹಿಡಿದುಕೊಂಡಿದ್ದು ಮುಂಗಾರಿಗೆ ಮತ್ತೆ ಚಿಗುರುವುವು. ನೀರಿನ ಆಸರೆಯೇ ಇಲ್ಲದ ತೋಟದಲ್ಲಿ ಒಂದೆಲಗವನ್ನು ನೆಡದೆ ಬರಿಯ ತರಗಿನ ಮುಚ್ಚಿಗೆಯಿಂದ ತೃಪ್ತಿಪಡುವುದು ಲೇಸು.

ಹಾಸಿನ ಮೇಲೆ ತೋಟಗಾರರು ಹೇಳುವ ದೂರುಗಳಲ್ಲಿ ಎರಡು ನಿಜವಾದುವು. ಉದುರಿದ ಅಡಕೆ ಎಲೆಯ ಮರೆಯಲ್ಲಿ ಸಿಕ್ಕದೆ ಹೋಗುವುದೆಂಬುದು ಒಂದು. ಕೊನೆ ತೆಗೆಯುವ ಮೊದಲು ಒಮ್ಮೆ ಸವರಿಸಿದರೆ ಇದು ಬಗೆಹರಿಯುವುದು. ತೇವದ ಹೊದಿಕೆಯಲ್ಲಿ ಬಸವನಹುಳು ಅಡಗುವುದೆಂಬುದು ಇನ್ನೊಂದು. ಇದನ್ನು ಹಗುರವಾಗಿ ಎಣಿಸಬಾರದು. ಹುಳುವಿನ ಕಾಟವಿರುವ ತೋಟದಲ್ಲಿ ಸಂಜೆ ಒದ್ದೆ ಗೋಣಿಯ ಕೆಳಗೆ ಪರಂಗಿ ಎಲೆಗಳನ್ನಿಟ್ಟು, ಬೆಳಗ್ಗೆ ಸೇರಿದ ಹುಳುಗಳನ್ನು ಕೈಗವಸು ತೊಟ್ಟು ಆರಿಸಿ ಉಪ್ಪುನೀರಿನಲ್ಲಿ ಹಾಕಿ ಕೊಲ್ಲಬೇಕು. ಹುಳು ಹತೋಟಿಗೆ ಬರುವವರೆಗೆ ಹೊಸ ಹಾಸನ್ನು ವಿಸ್ತರಿಸಬಾರದು.

ತಂಬುಳಿಗೂ ಚಟ್ನಿಗೂ ಎಲೆ ದೊರೆಯುವುದು ಮನೆಯ ಹೆಂಗಸರು ಮೆಚ್ಚುವ ಲಾಭವೇ ಸರಿ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದಲ್ಲಿ ತುತ್ತದ ಹನಿಗಳು ಬೀಳುವುದು ಈ ಎಲೆಗಳ ಮೇಲೆಯೇ. ಅವನ್ನು ಕೊಯ್ದು ಬಿಸಾಡಿ, ಹೊಸದಾಗಿ ಬಂದ ಎಲೆಯನ್ನು ತೊಳೆದು ಬಳಸಬೇಕು. ಊರ ಚರಂಡಿಯ ನೀರು ಹಾಯುವ ಜಾಗದ ಎಲೆ ಅಡಿಗೆಗೆ ಬೇಡ. ಈ ಗಿಡವು ನೆಲದ ವಿಷಗಳನ್ನು ತನ್ನೊಳಗೆ ಸೆಳೆದಿಟ್ಟುಕೊಳ್ಳುವಂಥದು. ಮಾರಾಟದ ಆಸೆಯಿಂದ ನೆಡುವವರು ಕೊಳ್ಳುವವರನ್ನು ಮೊದಲೇ ನಿಶ್ಚಯಿಸಿಕೊಳ್ಳಲಿ.

ಊರಿನ ಮುಖಂಡರು ಗಮನಿಸತಕ್ಕ ಮಾತೊಂದುಂಟು. ಒಂದೇ ಬಸಿಗಾಲುವೆಗೆ ಹತ್ತು ತೋಟಗಳ ನೀರು ಇಳಿಯುವಲ್ಲಿ, ಮೇಲಿನವನು ಕೆರೆಯಿಸಿದ ನೆಲದ ಮಣ್ಣು ಕೆಳಗಿನವನ ಕಾಲುವೆಯಲ್ಲಿ ಹೂಳಾಗಿ ನಿಲ್ಲುವುದು. ಅಲ್ಲಿ ನೀರು ನಿಂತು ಬೇರು ಕೊಳೆಯುವುದು. ಹೂಳೆತ್ತುವ ಖರ್ಚು ಯಾರದೆಂಬ ಜಗಳವು ಪ್ರತಿವರ್ಷವೂ ಪಂಚಾಯಿತಿಗೆ ಬರುವುದು. ಇಂಥ ಕಾಲುವೆಯ ಉದ್ದಕ್ಕೂ ಎರಡು ಪಕ್ಕದಲ್ಲಿ ಮೂರು ಮೂರಡಿ ಅಗಲ ಒಂದೆಲಗದ ಪಟ್ಟಿಯನ್ನು ಎಲ್ಲರೂ ಬಿಡಬೇಕೆಂದು ಒಪ್ಪಿಸಿ, ವೈಶಾಖದಲ್ಲಿ ಒಂದು ದಿನ ಗೊತ್ತುಮಾಡಿ ಎಲ್ಲರ ಆಳುಗಳಿಂದ ಹೂಳೆತ್ತಿಸಿ, ಎತ್ತಿದ ಮಣ್ಣನ್ನು ಮೇಲಿನ ತೋಟದ ಬುಡಗಳಿಗೇ ಹಾಕಿಸತಕ್ಕದ್ದು. ಪಟ್ಟಿಗೆ ಬೇಕಾದ ಸಸಿಯನ್ನು ಕೆರೆಯ ತೂಬಿನ ಕೆಳಗಣ ಗದ್ದೆಬದುಗಳಲ್ಲಿ ಹುಡುಕಿದರೆ ದೊರೆಯುವುದು.