ಅರ್ಹತೆಗಳ ಪಟ್ಟಿ ಮತ್ತು ಬಾರದ ಅರ್ಜಿಗಳು

ಕೆಲಸಕ್ಕೆ ಯೋಗ್ಯ ಜನ ದೊರೆಯುವುದಿಲ್ಲವೆಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವರ್ತಕರಿಂದ ಕೇಳಿಬರುವ ಮಾತು. ಇದೇ ಊರುಗಳ ಯುವಕ ಯುವತಿಯರು ಕೆಲಸ ಅರಸಿ ಬೆಂಗಳೂರಿಗೆ ಹೋಗುತ್ತಿರುವುದೂ ಅಷ್ಟೇ ನಿಜ. ಇಬ್ಬರ ನಡುವಿನ ಅಡ್ಡಗೋಡೆಗಳಲ್ಲಿ ಒಂದು, ಮಾಲೀಕರೇ ಬರೆಯುವ ‘ಬೇಕಾಗಿದ್ದಾರೆ’ ಪ್ರಕಟಣೆ.

ಪಟ್ಟಿಯಲ್ಲಿ ಇಲ್ಲದ ಅರ್ಹತೆ

ಅಡಿಕೆ ಮಂಡಿಯೊಂದಕ್ಕೆ ಗುಮಾಸ್ತರು ಬೇಕಾಗಿದ್ದಾರೆಂದು ಭಾವಿಸಬಹುದು. ಬಿ.ಕಾಂ. ಪದವಿ, ಟ್ಯಾಲಿ, ಮೂರು ವರ್ಷದ ಅನುಭವ, ಇಂಗ್ಲಿಷ್ ಜ್ಞಾನ ಎಂದು ಪ್ರಕಟಣೆ ಹೊರಡುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲುಗಳನ್ನು ನೋಡಿದೊಡನೆ ಗುರುತಿಸಬಲ್ಲ, ಮನೆಯ ತೋಟದ ಲೆಕ್ಕ ಬರೆದು ರೂಢಿಯಿರುವ ಯುವತಿ, ನಾಲ್ಕರಲ್ಲಿ ಎರಡು ತನಗಿಲ್ಲವೆಂದು ಅರ್ಜಿಯನ್ನೇ ಹಾಕುವುದಿಲ್ಲ. ಮಂಡಿಗೆ ಹೆಚ್ಚು ಉಪಯುಕ್ತವಾದ ಆಕೆಯ ತಿಳಿವಳಿಕೆ ಪಟ್ಟಿಯಲ್ಲೇ ಇರುವುದಿಲ್ಲ.

ಲೇಖಕಿ ಟಾರಾ ಮೊಹ್ರ್ ಸಾವಿರಕ್ಕೂ ಹೆಚ್ಚು ಸ್ತ್ರೀಪುರುಷರನ್ನು, ಮುಖ್ಯವಾಗಿ ಅಮೆರಿಕದವರನ್ನು, ಪ್ರಶ್ನಿಸಿ 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಜಿ ಹಾಕದಿರಲು ಅತಿ ಹೆಚ್ಚು ಜನ ನೀಡಿದ ಕಾರಣ ಕೆಲಸ ಮಾಡಲಾರೆನೆಂಬ ಅಳುಕಲ್ಲ. ಅರ್ಹತೆ ಪೂರೈಸದವರನ್ನು ಹೇಗೂ ತೆಗೆದುಕೊಳ್ಳುವುದಿಲ್ಲ, ಶ್ರಮ ವ್ಯರ್ಥ ಎಂಬ ಎಣಿಕೆ. ಮಾಲೀಕನ ಪಾಲಿಗೆ ಅಪೇಕ್ಷೆಯಷ್ಟೇ ಆದದ್ದು ಓದುವವರ ಪಾಲಿಗೆ ಕಟ್ಟಳೆಯಾಗುತ್ತದೆ.

ಜಿ.ಎಸ್.ಟಿ. ಕಲಿಸಿದ ಪಾಠ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಅದರಡಿ ಲೆಕ್ಕ ಬರೆದ ಒಂದು ದಿನದ ಅನುಭವವೂ ಯಾವ ಗುಮಾಸ್ತರಿಗೂ ಇರಲಿಲ್ಲ. 2005ರಿಂದ ವ್ಯಾಟ್ ಲೆಕ್ಕ ನೋಡುತ್ತಿದ್ದವರೇ ಹೊಸದನ್ನು ಕಲಿತು ವ್ಯವಹಾರ ನಡೆಸಿದರು. ಖಾತೆ ಬರೆಯುವ ಶಿಸ್ತಿದ್ದವರಿಗೆ ಹೊಸ ನಮೂನೆ ಕಲಿಕೆಯ ವಿಷಯವಾಯಿತೇ ಹೊರತು ಅನರ್ಹತೆಯಾಗಲಿಲ್ಲ.

ಸಡಿಲಿಸಬಾರದ ಅರ್ಹತೆಗಳು

ಎಲ್ಲವನ್ನೂ ಹೀಗೆ ಬಿಟ್ಟುಕೊಡಲಾಗದು. ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ನೋಂದಣಿ, ಸರಕು ವಾಹನದ ಚಾಲಕನಿಗೆ ಸೂಕ್ತ ಪರವಾನಗಿ ಕಾನೂನಿನಂತೆ ಇರಲೇಬೇಕು. ಸರ್ಕಾರಿ ನೇಮಕಾತಿಯಲ್ಲಿಯೂ ‘ಅಗತ್ಯ’ವೆಂದು ಸೂಚಿಸಿದ ಅರ್ಹತೆಯನ್ನು ನಿಗದಿತ ದಿನಾಂಕದೊಳಗೆ ಪಡೆದಿರಬೇಕು, ‘ಅಪೇಕ್ಷಣೀಯ’ವೆಂದಿರುವುದು ಇಲ್ಲದಿದ್ದರೂ ಅರ್ಜಿ ಸಲ್ಲಿಸಬಹುದು. ಸಣ್ಣ ಸಂಸ್ಥೆಗಳೂ ಈ ವಿಂಗಡಣೆಯನ್ನು ಅನುಸರಿಸುವುದು ಲೇಸು.

ಅನುಸರಿಸಬಹುದಾದ ಕ್ರಮ

1. ಹೊಸಬರು ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಮೊದಲು ಬರೆದುಕೊಳ್ಳಬೇಕು. ಅವಕ್ಕೆ ಬೇಕಾದುದು ಮಾತ್ರ ‘ಅಗತ್ಯ’.

2. ಮೂರು ತಿಂಗಳಲ್ಲಿ ಕಲಿಸಬಹುದಾದುದನ್ನು ‘ಇದ್ದರೆ ಒಳ್ಳೆಯದು’ ಎಂದು ಪ್ರತ್ಯೇಕವಾಗಿ ನಮೂದಿಸಬೇಕು.

3. ‘ಎಲ್ಲ ಅರ್ಹತೆ ಇಲ್ಲದವರೂ ವಿಚಾರಿಸಬಹುದು’ ಎಂಬ ಒಂದು ಸಾಲು ಸೇರಿಸಬೇಕು.

4. ಪ್ರಮಾಣಪತ್ರದ ಜೊತೆಗೆ ಕೆಲಸವನ್ನೇ ಪರೀಕ್ಷಿಸಬೇಕು. ಹತ್ತು ಬಿಲ್ಲುಗಳನ್ನು ಖಾತೆಗೆ ಏರಿಸಲು, ಒಂದು ಚೀಲ ಅಡಿಕೆ ವಿಂಗಡಿಸಲು ಅರ್ಧ ದಿನ ಸಾಕು.

ಅರ್ಜಿದಾರರೂ ಕೊರತೆಯನ್ನು ಮರೆಮಾಚಬಾರದು. ‘ಟ್ಯಾಲಿ ಬಾರದು, ಎರಡು ವರ್ಷ ಕೈಬರಹದ ಖಾತೆ ಬರೆದಿದ್ದೇನೆ, ಕಲಿಯಲು ಸಿದ್ಧ’ ಎಂಬ ನೇರ ಮಾತು ಸುಳ್ಳು ಅನುಭವಪತ್ರಕ್ಕಿಂತ ಮಾಲೀಕನಿಗೆ ಉಪಯುಕ್ತ.

ಅರ್ಜಿ ಹಾಕದೆ ಹಿಂದೆ ಸರಿದವರು ಯಾರೆಂದು ಮಾಲೀಕನಿಗೆ ಎಂದೂ ತಿಳಿಯುವುದಿಲ್ಲ. ಆ ನಷ್ಟ ಯಾವ ಖಾತೆಯಲ್ಲಿಯೂ ದಾಖಲಾಗುವುದಿಲ್ಲ. ಮುಂದಿನ ಪ್ರಕಟಣೆಯನ್ನು ಹೊರಡಿಸುವ ಮುನ್ನ ಪಟ್ಟಿಯ ಪ್ರತಿಯೊಂದು ಅರ್ಹತೆಯೂ ಆ ಕೆಲಸಕ್ಕೆ ನಿಜವಾಗಿ ಬೇಕೇ ಎಂದು ಪರಿಶೀಲಿಸುವುದು ವ್ಯಾಪಾರದ ದೃಷ್ಟಿಯಿಂದಲೇ ಹಿತಕರ.